ಅಗಾಥಾ ಕ್ರಿಸ್ಟಿ ಕಳೆದುಕೊಂಡ ಪದಗಳು

1926ರ ಡಿಸೆಂಬರ್ 3, ಶುಕ್ರವಾರ ರಾತ್ರಿ. ಇಂಗ್ಲೆಂಡಿನ ಸನ್ನಿಂಗ್‌ಡೇಲ್ ಎಂಬ ಊರಿನ ತನ್ನ ಮನೆಯಿಂದ 36 ವರ್ಷದ ಲೇಖಕಿಯೊಬ್ಬಳು ಕಾರು ಹತ್ತಿ ಹೊರಟುಹೋದಳು. ಮರುದಿನ ಕಾರು ನ್ಯೂಲ್ಯಾಂಡ್ಸ್ ಕಾರ್ನರ್ ಎಂಬ ಗುಡ್ಡದ ಇಳಿಜಾರಿನಲ್ಲಿ ಸಿಕ್ಕಿತು. ಒಳಗೆ ತುಪ್ಪಳದ ಕೋಟು ಇತ್ತು, ಆಕೆ ಇರಲಿಲ್ಲ. ಪೊಲೀಸರು, ಊರವರು, ಸ್ವಯಂಸೇವಕರು ಸಾವಿರಾರು ಜನ ಸೇರಿ ಹುಡುಕಿದರು. ವಿಮಾನವೂ ಹಾರಿತು. ಪತ್ರಿಕೆಗಳಿಗೆ ಹಬ್ಬ. ಹನ್ನೊಂದು ದಿನದ ನಂತರ ಹ್ಯಾರೋಗೇಟ್ ಎಂಬ ಊರಿನ ಹೋಟೆಲೊಂದರಲ್ಲಿ ಆಕೆ ಪತ್ತೆಯಾದಳು. ರಿಜಿಸ್ಟರ್‌ನಲ್ಲಿ ಬರೆಸಿದ್ದು ಬೇರೆ ಹೆಸರು. ಅದೂ ಗಂಡ ಪ್ರೀತಿಸುತ್ತಿದ್ದ ಇನ್ನೊಬ್ಬ ಹೆಣ್ಣಿನ ಮನೆತನದ ಹೆಸರು. ನೆನಪು ಹೋಗಿದೆ ಎಂದು ವೈದ್ಯರು ಹೇಳಿದರು. ಆಕೆ ಮಾತ್ರ ಆ ಹನ್ನೊಂದು ದಿನಗಳ ಬಗ್ಗೆ ಬಾಯಿ ಬಿಟ್ಟಿದ್ದು ತೀರಾ ಅಪರೂಪ. ಆತ್ಮಕಥೆಯಲ್ಲೂ ಅದನ್ನು ದಾಟಿಕೊಂಡೇ ಹೋದಳು.

ಆ ಲೇಖಕಿ ಅಗಾಥಾ ಕ್ರಿಸ್ಟಿ. ಈ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಇದರ ಮೇಲೆ ಪುಸ್ತಕಗಳು ಬಂದಿವೆ, ಸಿನಿಮಾ ಬಂದಿದೆ. ನಾನು ಬರೆಯಹೊರಟಿದ್ದು ಅದೇ ಅಗಾಥಾಳ ಇನ್ನೊಂದು ಕಳೆದುಹೋಗುವಿಕೆಯ ಬಗ್ಗೆ. ಅದು ಹನ್ನೊಂದು ದಿನದ್ದಲ್ಲ, ವರ್ಷಗಟ್ಟಲೆ ನಡೆದದ್ದು. ಆಗ ಯಾವ ಪೊಲೀಸರೂ ಹುಡುಕಲಿಲ್ಲ. ಪತ್ರಿಕೆಗಳು ಬರೆಯಲಿಲ್ಲ. ಆಕೆ ಸತ್ತು ಮೂವತ್ತು ವರ್ಷ ದಾಟಿದ ಮೇಲೆ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಇಬ್ಬರು ಪ್ರಾಧ್ಯಾಪಕರು ಕಂಪ್ಯೂಟರಿನಲ್ಲಿ ಆಕೆಯ ಕಾದಂಬರಿಗಳ ಪದಗಳನ್ನು ಎಣಿಸಿದಾಗ ಅದರ ಜಾಡು ಸಿಕ್ಕಿತು.

ಪುಣೆಯಲ್ಲಿ ನನ್ನ ಕೆಲಸ ಸರ್ವರ್‌ಗಳ ಆರೋಗ್ಯ ನೋಡಿಕೊಳ್ಳುವ ಸಾಫ್ಟ್‌ವೇರ್ ಬರೆಯುವುದು. ಸರ್ವರ್ ಧೊಪ್ಪೆಂದು ಬಿದ್ದರೆ ರಾತ್ರಿ ಮೂರು ಗಂಟೆಗೂ ಹತ್ತು ಜನರ ಫೋನ್ ಬಡಿದುಕೊಳ್ಳುತ್ತದೆ. ಆದರೆ ದಿನಕ್ಕಿಷ್ಟಿಷ್ಟೇ ಮೆಮೊರಿ ಸೋರಿಹೋಗುತ್ತಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೋದ ತಿಂಗಳ ಗ್ರಾಫ್ ಇಟ್ಟುಕೊಂಡವನಿಗೆ ಮಾತ್ರ ಕಾಣುತ್ತದೆ. ಅಗಾಥಾಳ ಕಥೆ ನನ್ನನ್ನು ಹಿಡಿದದ್ದು ಈ ಕಾರಣಕ್ಕೆ. ಇನ್ನೊಂದು ಕಾರಣ ಮನೆಯದು, ಅದಕ್ಕೆ ಆಮೇಲೆ ಬರುತ್ತೇನೆ.

ಅಗಾಥಾ ಹುಟ್ಟಿದ್ದು 1890ರ ಸೆಪ್ಟೆಂಬರ್ 15ರಂದು, ಇಂಗ್ಲೆಂಡಿನ ದಕ್ಷಿಣದ ಕಡಲೂರು ಟಾರ್ಕಿಯಲ್ಲಿ. ಅಪ್ಪ ಅಮೆರಿಕದವನು, ಅನುಕೂಲಸ್ಥ. ಮಕ್ಕಳಿಗೆ ಎಂಟು ವರ್ಷ ತುಂಬುವವರೆಗೆ ಅಕ್ಷರ ಕಲಿಸಬಾರದೆಂಬ ವಿಚಿತ್ರ ನಂಬಿಕೆ ಅಮ್ಮ ಕ್ಲಾರಾಳಿಗೆ. ಹುಡುಗಿ ಕೇಳಬೇಕಲ್ಲ! ಓದಿ ಹೇಳುತ್ತಿದ್ದ ಪುಸ್ತಕಗಳನ್ನೇ ದಿಟ್ಟಿಸಿ ನೋಡಿ ಐದು ವರ್ಷಕ್ಕೇ ತಾನೇ ಓದಲು ಕಲಿತಳು. ಅಕ್ಷರ ಅಕ್ಷರ ಕೂಡಿಸಿ ಕಲಿಯದೆ ಪದದ ಆಕಾರವನ್ನೇ ಗುರುತಿಟ್ಟು ಕಲಿತಿದ್ದರಿಂದ ಸ್ಪೆಲಿಂಗ್ ಮಾತ್ರ ಜೀವನಪೂರ್ತಿ ಕೈಕೊಟ್ಟಿತು. ಲೆಕ್ಕ ಇಷ್ಟ. ಹನ್ನೊಂದನೇ ವಯಸ್ಸಿಗೆ ಅಪ್ಪ ತೀರಿಕೊಂಡ, ಮನೆಯ ಅನುಕೂಲ ಕರಗಿತು.

1914ರ ಕ್ರಿಸ್‌ಮಸ್ ಹಿಂದಿನ ದಿನ ವಾಯುದಳದ ಆರ್ಚಿಬಾಲ್ಡ್ ಕ್ರಿಸ್ಟಿಯ ಜೊತೆ ಮದುವೆ. ಮೊದಲ ಮಹಾಯುದ್ಧ ಆಗಲೇ ಶುರುವಾಗಿತ್ತು. ಗಂಡ ಯುದ್ಧಕ್ಕೆ, ಹೆಂಡತಿ ಟಾರ್ಕಿಯ ಆಸ್ಪತ್ರೆಗೆ. ಮೊದಲು ನರ್ಸ್ ಆಗಿ, ನಂತರ ಔಷಧ ವಿಭಾಗದಲ್ಲಿ ದುಡಿದಳು. ಆಗ ಮಾತ್ರೆ, ಮುಲಾಮು ಎಲ್ಲವನ್ನೂ ಅಲ್ಲೇ ತೂಗಿ ಅರೆದು ಮಾಡುತ್ತಿದ್ದ ಕಾಲ. ಕಲಿಸಲು ಬಂದ ಊರಿನ ಔಷಧಿ ಅಂಗಡಿಯವನು ಒಂದು ದಿನ ದಶಾಂಶದ ಚುಕ್ಕಿಯನ್ನು ತಪ್ಪು ಜಾಗದಲ್ಲಿಟ್ಟು ಹತ್ತು ಪಟ್ಟು ಔಷಧ ಬೆರೆಸಿದ್ದನ್ನು ಆಕೆ ಗಮನಿಸಿದಳು. ಕಲಿಯಲು ಬಂದವಳು ಗುರುವಿಗೆ ತಪ್ಪು ಹೇಳುವ ಹಾಗಿಲ್ಲ. ಹೇಳಿದರೂ ಆತ ಒಪ್ಪುವವನಲ್ಲ. ಆಕೆ ಎಡವಿದಂತೆ ನಟಿಸಿ ಹಲಗೆ ಸಮೇತ ಎಲ್ಲವನ್ನೂ ಕೆಳಗೆ ಬೀಳಿಸಿ, ಸಾಲದ್ದಕ್ಕೆ ಕಾಲಲ್ಲಿ ತುಳಿದುಬಿಟ್ಟಳು. ಅಷ್ಟೂ ಹಾಳಾಯಿತು, ರೋಗಿಗಳು ಬಚಾವಾದರು. ಆಕೆಯ ಬದುಕಿನಲ್ಲಿ ನನಗೆ ಬಹಳ ಇಷ್ಟವಾದ ಘಟನೆ ಇದು.

ವಿಷಗಳ ನಡುವೆ ಕೂತವಳಿಗೆ ಪತ್ತೇದಾರಿ ಕಥೆ ಹೊಳೆದದ್ದು ಸಹಜ. ನಿನ್ನಿಂದ ಅಂಥದ್ದು ಬರೆಯಲಾಗದು ಎಂದು ಅಕ್ಕ ಹಿಂದೆಯೇ ಕೆಣಕಿದ್ದಳು. ಟಾರ್ಕಿಗೆ ಬಂದ ಬೆಲ್ಜಿಯಂ ನಿರಾಶ್ರಿತರನ್ನು ನೋಡಿ ಪತ್ತೇದಾರ ಹರ್ಕ್ಯೂಲ್ ಪಾಯ್ರೋ ಹುಟ್ಟಿದ. ಹಲವು ಪ್ರಕಾಶಕರು ತಿರಸ್ಕರಿಸಿದ ಮೇಲೆ 1920ರಲ್ಲಿ ಮೊದಲ ಕಾದಂಬರಿ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ ಬಂತು. ವಿಷದ ವಿವರಗಳು ಸರಿಯಾಗಿವೆ ಎಂದು ಔಷಧ ವ್ಯಾಪಾರದ ಪತ್ರಿಕೆಯೊಂದು ಮೆಚ್ಚಿ ಬರೆಯಿತಂತೆ. ಯಾವ ಸಾಹಿತ್ಯ ವಿಮರ್ಶೆಗಿಂತಲೂ ಆಕೆಗೆ ಅದೇ ಹೆಚ್ಚು ಖುಷಿ ಕೊಟ್ಟಿತು.

1926ರಲ್ಲಿ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಬಂದು ಹೆಸರು ಮಾಡಿತು. ಅದೇ ವರ್ಷ ಅಮ್ಮ ಸತ್ತಳು, ಗಂಡ ಬೇರೊಬ್ಬಳನ್ನು ಮದುವೆಯಾಗುತ್ತೇನೆಂದ, ಆಕೆ ನಾಪತ್ತೆಯಾದಳು. 1928ರಲ್ಲಿ ವಿಚ್ಛೇದನ. ಅದಾದ ಮೇಲೆ ಆಕೆ ಒಬ್ಬಳೇ ಓರಿಯೆಂಟ್ ಎಕ್ಸ್‌ಪ್ರೆಸ್ ರೈಲು ಹತ್ತಿ ಬಾಗ್ದಾದಿಗೆ ಹೊರಟಳು. ಇರಾಕಿನ ಊರ್ ಎಂಬಲ್ಲಿ ನಡೆಯುತ್ತಿದ್ದ ಉತ್ಖನನದ ಜಾಗಕ್ಕೆ 1930ರಲ್ಲಿ ಮತ್ತೆ ಹೋದಾಗ ತನಗಿಂತ 13–14 ವರ್ಷ ಚಿಕ್ಕವನಾದ ಪುರಾತತ್ವಜ್ಞ ಮ್ಯಾಕ್ಸ್ ಮ್ಯಾಲೊವನ್ ಸಿಕ್ಕಿದ. ಆ ವರ್ಷವೇ ಮದುವೆ, ಕೊನೆಯವರೆಗೂ ಬಾಳಿದ ಮದುವೆ. ವರ್ಷ ವರ್ಷವೂ ಗಂಡನ ಜೊತೆ ಸಿರಿಯಾ, ಇರಾಕ್. ನಿಮ್ರೂದ್‌ನಲ್ಲಿ ಸಿಕ್ಕ ಸಾವಿರಾರು ವರ್ಷ ಹಳೆಯ ದಂತದ ಕೆತ್ತನೆಗಳ ಸಂದಿಯ ಮಣ್ಣನ್ನು ತಾನು ಮುಖಕ್ಕೆ ಹಚ್ಚುವ ಕ್ರೀಮ್ ಬಳಸಿ ತೆಗೆದಳು. ಉತ್ಖನನದಲ್ಲಿ ಒಂದು ನಿಯಮವಿದೆ: ವಸ್ತು ಸಿಕ್ಕರೆ ಸಾಲದು, ಅದು ಯಾವ ಪದರದಲ್ಲಿ ಸಿಕ್ಕಿತು ಎಂಬುದನ್ನು ಬರೆದಿಡಬೇಕು. ಪದರ ತಪ್ಪಿದರೆ ಕಾಲ ತಪ್ಪುತ್ತದೆ. ಇದು ನೆನಪಿರಲಿ, ಮುಂದೆ ಬೇಕು.

ಬರೆದದ್ದೆಷ್ಟು! 66 ಪತ್ತೇದಾರಿ ಕಾದಂಬರಿಗಳು, ಕಥಾ ಸಂಕಲನಗಳು, ಮೇರಿ ವೆಸ್ಟ್‌ಮ್ಯಾಕಟ್ ಎಂಬ ಇನ್ನೊಂದು ಹೆಸರಿನಲ್ಲಿ ಆರು ಕಾದಂಬರಿಗಳು, 1952ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ದಿ ಮೌಸ್‌ಟ್ರ್ಯಾಪ್’ ಸೇರಿ ಹಲವು ನಾಟಕಗಳು. ಮನೆಯಲ್ಲಿ ಬರೆಯಲೆಂದೇ ಮೇಜು ಇರಲಿಲ್ಲ. ಟೈಪ್‌ರೈಟರ್ ಇಡಲು ಜಾಗ ಸಿಕ್ಕರೆ ಸಾಕಿತ್ತು. ಕಥೆಯ ಹೊಳಹುಗಳನ್ನು ಕೈಗೆ ಸಿಕ್ಕ ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದಳು. ಅಂಥ 73 ನೋಟ್‌ಬುಕ್ಕುಗಳು ಉಳಿದಿವೆ. ಒಂದೇ ಪುಸ್ತಕದಲ್ಲಿ ಬೇರೆ ಬೇರೆ ವರ್ಷಗಳ ಟಿಪ್ಪಣಿ, ನಡುವೆ ಮನೆಸಾಮಾನಿನ ಪಟ್ಟಿ. ತಾರೀಖು ಹಾಕುವ ಅಭ್ಯಾಸ ಕಡಿಮೆ. ನನ್ನಂಥವರಿಗೆ ತಲೆನೋವು ತರುವ ಡೇಟಾ.

ಆದರೆ ಅಚ್ಚಾದ ಕಾದಂಬರಿಗಳ ವಿಷಯ ಬೇರೆ. ಒಬ್ಬಳೇ ಲೇಖಕಿ, ಒಂದೇ ಬಗೆಯ ಕಥೆ, ಒಂದೇ ಭಾಷೆ, ಐವತ್ತಕ್ಕೂ ಹೆಚ್ಚು ವರ್ಷ, ಹೆಚ್ಚುಕಡಿಮೆ ವರ್ಷಕ್ಕೊಂದು. ಒಬ್ಬ ಮನುಷ್ಯನ ಮೆದುಳು ವರ್ಷ ವರ್ಷವೂ ಬಿಟ್ಟುಹೋದ ಇಷ್ಟು ಉದ್ದದ, ಇಷ್ಟು ಕ್ರಮಬದ್ಧ ದಾಖಲೆ ಸಿಗುವುದು ಅಪರೂಪ.

ಟೊರಾಂಟೊದ ಇಯಾನ್ ಲ್ಯಾಂಕಶೈರ್ ಇಂಗ್ಲಿಷ್ ಪ್ರಾಧ್ಯಾಪಕರು, ಗ್ರೇಮ್ ಹರ್ಸ್ಟ್ ಕಂಪ್ಯೂಟರ್ ವಿಜ್ಞಾನದವರು. 2009ರಲ್ಲಿ ಇಬ್ಬರೂ ಸೇರಿ ಆಕೆಯ ಮೊದಲ ಕಾದಂಬರಿಯಿಂದ ಕೊನೆಯದಾಗಿ ಬರೆದದ್ದರವರೆಗೆ ಹತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಆರಿಸಿ, ಪ್ರತಿಯೊಂದರಲ್ಲೂ ಮೂರು ಸಂಗತಿ ಎಣಿಸಿದರು. ಒಂದು, ಎಷ್ಟು ಬೇರೆ ಬೇರೆ ಪದಗಳಿವೆ. ಎರಡು, ಒಂದೇ ಪದಗುಚ್ಛ ಎಷ್ಟು ಸಲ ಮರಳಿ ಬರುತ್ತದೆ. ಮೂರು, ವಸ್ತುವಿನ ಹೆಸರು ಹೇಳದೆ ಅದು, ಏನೋ, ಯಾವುದೋ ಎನ್ನುವಂಥ ಮೊಗ್ಗಮ್ಮಾದ ಪದಗಳು ಎಷ್ಟಿವೆ. ಪುಸ್ತಕ ಉದ್ದವಾದಷ್ಟೂ ಹೊಸ ಪದ ಬರುವ ವೇಗ ಇಳಿಯುತ್ತದೆ. ಮೊದಲ ಪುಟದಲ್ಲಿ ಎಲ್ಲವೂ ಹೊಸ ಪದ, ಇನ್ನೂರನೇ ಪುಟದಲ್ಲಿ ಮುಕ್ಕಾಲುಪಾಲು ಹಳೆಯವೇ. ಹಾಗಾಗಿ ದಪ್ಪ ಪುಸ್ತಕವನ್ನೂ ತೆಳು ಪುಸ್ತಕವನ್ನೂ ಹಾಗೇ ಹೋಲಿಸಿದರೆ ಮೋಸ. ಅವರು ಪ್ರತಿ ಕಾದಂಬರಿಯ ಮೊದಲ 50,000 ಪದಗಳನ್ನಷ್ಟೇ ತೆಗೆದುಕೊಂಡರು. ಸಣ್ಣ ಎಚ್ಚರ, ಆದರೆ ಇದಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಕೊನೆಯ ಪುಸ್ತಕಗಳಲ್ಲಿ ಪದಸಂಪತ್ತು ಸ್ಪಷ್ಟವಾಗಿ ಕುಸಿದಿತ್ತು. ಮರುಕಳಿಕೆ ಏರಿತ್ತು, ಮೊಗ್ಗಮ್ಮಾದ ಪದಗಳೂ ಏರಿದ್ದವು. 63ರ ಆಸುಪಾಸಿನಲ್ಲಿ ಬರೆದ ‘ಡೆಸ್ಟಿನೇಶನ್ ಅನ್‌ನೋನ್’ಗೆ ಹೋಲಿಸಿದರೆ 81ರಲ್ಲಿ ಬರೆದ ‘ಎಲಿಫೆಂಟ್ಸ್ ಕ್ಯಾನ್ ರಿಮೆಂಬರ್’ನಲ್ಲಿ ಬೇರೆ ಬೇರೆ ಪದಗಳ ಸಂಖ್ಯೆ ಶೇ 30ರಷ್ಟು ಕಡಿಮೆ. ವಯಸ್ಸಾದಂತೆ ಎಲ್ಲರ ಪದಭಂಡಾರವೂ ಸೊರಗುತ್ತದಲ್ಲ ಎಂದು ನೀವು ಕೇಳಬಹುದು. ಹಾಗೇನಿಲ್ಲ. ಆರೋಗ್ಯವಂತ ಮುಪ್ಪಿನಲ್ಲಿ ಪದ ಹೊಳೆಯುವುದು ನಿಧಾನವಾದೀತು, ಭಂಡಾರ ಹೀಗೆ ಬರಿದಾಗುವುದಿಲ್ಲ.

ಈ ಆನೆಗಳ ಕಾದಂಬರಿಯನ್ನು ಕಾಲೇಜಿನಲ್ಲಿದ್ದಾಗ ಓದಿದ್ದೆ. ಯಾಕೋ ಸಪ್ಪೆ ಎನ್ನಿಸಿತ್ತು. ಈಚೆಗೆ ಮತ್ತೆ ಓದಿದಾಗ ಕೈ ತಣ್ಣಗಾಯಿತು. ಅದರ ಕಥೆಯೇ ನೆನಪಿನದು. ವರ್ಷಗಳ ಹಿಂದೆ ಸತ್ತ ದಂಪತಿಗೆ ನಿಜವಾಗಿ ಏನಾಯಿತು ಎಂದು ತಿಳಿಯಲು ಅರಿಯಾಡ್ನಿ ಆಲಿವರ್ ಎಂಬ ವಯಸ್ಸಾದ ಪತ್ತೇದಾರಿ ಲೇಖಕಿ ಹಳೆಯ ಪರಿಚಯದವರ ಮನೆ ಮನೆ ಅಲೆಯುತ್ತಾಳೆ. ಪ್ರತಿಯೊಬ್ಬರಿಗೂ ಅಷ್ಟೋ ಇಷ್ಟೋ ನೆನಪು, ಅದರಲ್ಲೂ ಕಲಬೆರಕೆ. ಇಷ್ಟು ವರ್ಷದ ಹಿಂದೆ ಎಂದು ಒಂದೆಡೆ ಬಂದ ಲೆಕ್ಕ ಇನ್ನೊಂದೆಡೆ ಬೇರೆಯಾಗುತ್ತದೆ. ರೈಲಿನ ವೇಳಾಪಟ್ಟಿಯ ಮೇಲೆ ಕೊಲೆಯ ಒಗಟು ಕಟ್ಟುತ್ತಿದ್ದ, ದಶಾಂಶದ ಚುಕ್ಕಿ ತಪ್ಪಿದ್ದನ್ನು ಹಿಡಿದಿದ್ದ ಕೈಯ ಬರಹ ಇದು. ಬರೆಯುವಾಗ ತನಗೇನೋ ಆಗುತ್ತಿದೆ ಎಂದು ಆಕೆಗೆ ಒಳಗೊಳಗೇ ಗೊತ್ತಿತ್ತೇ? ಲ್ಯಾಂಕಶೈರ್ ಅವರಿಗೆ ಹಾಗನ್ನಿಸಿದೆ. ನನಗೂ ಅನ್ನಿಸುತ್ತದೆ. ಆದರೆ ಅದು ಎಣಿಕೆಗೆ ಸಿಗುವ ಮಾತಲ್ಲ.

ಈ ಅಧ್ಯಯನಕ್ಕೆ ಆಕ್ಷೇಪಗಳೂ ಇವೆ, ಅವನ್ನು ಮುಚ್ಚಿಡಬಾರದು. ಅಗಾಥಾಳಿಗೆ ಡಿಮೆನ್ಶಿಯಾ ಇದೆಯೆಂದು ಯಾವ ವೈದ್ಯರೂ ದಾಖಲಿಸಿಲ್ಲ. 1950ರ ದಶಕದಲ್ಲಿ ಆಕೆ ಡಿಕ್ಟಾಫೋನ್ ಬಳಸತೊಡಗಿದಳು. ಬಾಯಲ್ಲಿ ಹೇಳಿ ಬರೆಸಿದ ಗದ್ಯದಲ್ಲಿ ಮರುಕಳಿಕೆ ಹೆಚ್ಚಿರುವುದು ಸಹಜ. ಆದರೆ ಯಂತ್ರ ಬಂದು ವರ್ಷಗಳಾದ ಮೇಲೆ, ಕೊನೆಯ ಪುಸ್ತಕಗಳಲ್ಲಿ ಕಾಣುವ ಆಳವಾದ ಇಳಿತವನ್ನು ಯಂತ್ರದ ಮೇಲೆ ಹಾಕುವುದು ಕಷ್ಟ.

ಹೋಲಿಕೆಗೆ ಸಿಕ್ಕವರು ಇನ್ನಿಬ್ಬರು. ಐರಿಸ್ ಮರ್ಡಾಕ್‌ಗೆ ಅಲ್ಝೈಮರ್ಸ್ ಇದ್ದದ್ದು 1999ರಲ್ಲಿ ಸತ್ತ ಮೇಲೆ ಮೆದುಳು ಪರೀಕ್ಷಿಸಿದಾಗ ಖಚಿತವಾಗಿತ್ತು. ಆಕೆಯ ಮೊದಲ ಕಾದಂಬರಿ, ನಡುವಯಸ್ಸಿನ ಒಂದು, ಕೊನೆಯ ಒಂದು ಈ ಮೂರನ್ನು ಬ್ರಿಟನ್ನಿನ ನರವಿಜ್ಞಾನಿ ಪೀಟರ್ ಗ್ಯಾರಾರ್ಡ್ 2005ರಲ್ಲೇ ಹೋಲಿಸಿದ್ದರು. ಕೊನೆಯದರಲ್ಲಿ ವಾಕ್ಯರಚನೆ ಬಹುಪಾಲು ಹಾಗೇ ಇತ್ತು, ಸೊರಗಿದ್ದು ಪದಸಂಪತ್ತು. ಇನ್ನೊಬ್ಬರು 90 ದಾಟಿದರೂ ಚುರುಕಾಗಿ ಬರೆಯುತ್ತಿದ್ದ ಪಿ.ಡಿ. ಜೇಮ್ಸ್. 2011ರಲ್ಲಿ ಟೊರಾಂಟೊ ತಂಡ ಮೂವರನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯಿತು. ಅಗಾಥಾಳ ರೇಖೆ ಜೇಮ್ಸ್‌ರದನ್ನು ಹೋಲಲಿಲ್ಲ, ಮರ್ಡಾಕ್‌ರದನ್ನು ಹೋಲಿತು.

ಈಗ ಪದರದ ಮಾತು. ಎರಡನೇ ಮಹಾಯುದ್ಧದ ಕಾಲದಲ್ಲಿ, ಬಾಂಬ್ ಬಿದ್ದು ತಾನೇ ಸತ್ತರೆ ಮನೆಯವರಿಗೆ ಇರಲಿ ಎಂದು, ಆಕೆ ಪಾಯ್ರೋನ ಕೊನೆಯ ಕಥೆ ‘ಕರ್ಟನ್’ ಬರೆದು ಭದ್ರವಾಗಿ ಎತ್ತಿಟ್ಟಿದ್ದಳು. 1973ರಲ್ಲಿ ‘ಪೋಸ್ಟರ್ನ್ ಆಫ್ ಫೇಟ್’ ಬಂತು. ಅದೇ ಆಕೆ ಕೊನೆಯದಾಗಿ ಬರೆದದ್ದು, ಅಭಿಮಾನಿಗಳೂ ಮುಗಿಸಲು ತಿಣುಕುವಂಥದ್ದು. ಮುಂದೆ ಹೊಸದೇನೂ ಬರಲಿಲ್ಲವಾದ್ದರಿಂದ 1975ರಲ್ಲಿ ‘ಕರ್ಟನ್’ ಪೆಟ್ಟಿಗೆಯಿಂದ ಹೊರಬಂತು. ಬಿಗಿಯಾದ ಕಥೆ, ಚುರುಕು ಭಾಷೆ. ಪಾಯ್ರೋ ಸತ್ತ ಸುದ್ದಿಯನ್ನು ‘ನ್ಯೂಯಾರ್ಕ್ ಟೈಮ್ಸ್’ ನಿಜವಾದ ಮನುಷ್ಯ ಸತ್ತಂತೆ ಮೊದಲ ಪುಟದಲ್ಲಿ ಹಾಕಿತು. ಪುಸ್ತಕಗಳನ್ನು ಪ್ರಕಟಣೆಯ ವರ್ಷದ ಪ್ರಕಾರ ಜೋಡಿಸಿ ಗ್ರಾಫ್ ಎಳೆದು ನೋಡಿ: 1972, 73ರಲ್ಲಿ ಪಾತಾಳಕ್ಕಿಳಿದ ರೇಖೆ 1975ರಲ್ಲಿ ಒಮ್ಮೆಗೇ ಮೇಲೇಳುತ್ತದೆ. ಬರೆದ ವರ್ಷದ ಪ್ರಕಾರ ಜೋಡಿಸಿದರೆ ಆ ಪವಾಡ ಮಾಯ. ನಾನು ಮಾಡಿಕೊಂಡ ಎಕ್ಸೆಲ್ ಶೀಟಿನಲ್ಲಿ ಬರೆದ ವರ್ಷಕ್ಕೂ ಅಚ್ಚಾದ ವರ್ಷಕ್ಕೂ ಬೇರೆ ಬೇರೆ ಕಾಲಂ ಇದೆ. ಮ್ಯಾಲೊವನ್ ಇದ್ದಿದ್ದರೆ ಒಪ್ಪುತ್ತಿದ್ದ.

ಇನ್ನು ಮನೆಯ ಕಾರಣ. ನನ್ನ ದೊಡ್ಡಪ್ಪ ಸಾಗರದ ಕಡೆಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಮೂರು ವರ್ಷದ ಹಿಂದೆ ದೊಡ್ಡಮ್ಮ ಫೋನಿನಲ್ಲಿ ಒಂದು ಮಾತು ಹೇಳಿದರು: ಇವರು ಈಗೀಗ ಹೆಸರು ಹಿಡಿದು ಮಾತಾಡುವುದಿಲ್ಲ, ಎಲ್ಲದಕ್ಕೂ ಅದು, ಇದು, ಅವನೇ ಇದ್ದಾನಲ್ಲ ಅನ್ನುತ್ತಾರೆ ಎಂದು. ವೈದ್ಯರ ಬಳಿ ಕರೆದೊಯ್ದರು. ಅಲ್ಲಿ ಮಾಡಿದ್ದು 30 ಅಂಕದ ಪ್ರಸಿದ್ಧ ಪರೀಕ್ಷೆ. ಇವತ್ತು ಯಾವ ತಾರೀಖು, ನಾವಿರುವುದು ಎಲ್ಲಿ, ಈ ಮೂರು ಪದ ನೆನಪಿಟ್ಟುಕೊಂಡು ಆಮೇಲೆ ಹೇಳಿ, 100ರಿಂದ 7 ಕಳೆಯುತ್ತ ಹೋಗಿ, ಈ ಚಿತ್ರ ನೋಡಿ ಬರೆಯಿರಿ. ಅಮೆರಿಕದ ಮನೋವೈದ್ಯ ಮಾರ್ಷಲ್ ಫೋಲ್‌ಸ್ಟೀನ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದ್ದು 1975ರಲ್ಲಿ, ‘ಕರ್ಟನ್’ ಬಂದ ವರ್ಷವೇ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅಲ್ಝೈಮರ್ಸ್ ಇದ್ದವರಲ್ಲಿ ಅಂಕ ವರ್ಷಕ್ಕೆ ಸರಾಸರಿ ಮೂರರಷ್ಟು ಇಳಿಯುತ್ತದೆ ಎಂಬುದು ಒಂದು ಒರಟು ಲೆಕ್ಕ.

ದೊಡ್ಡಪ್ಪನಿಗೆ ಬಂದದ್ದು 28. ಆರು ತಿಂಗಳ ನಂತರ ಮತ್ತೆ 28. ಆಮೇಲೆ 29! ಗಣಿತದ ಮೇಷ್ಟ್ರಿಗೆ 100ರಿಂದ 7 ಕಳೆಯುವುದು ಯಾವ ಲೆಕ್ಕ? ಹೆಚ್ಚು ಓದಿದವರಿಗೆ ಈ ಪರೀಕ್ಷೆಯ ಚಾವಣಿ ಬಹಳ ತಗ್ಗು. ಒಳಗೆ ಸಾಕಷ್ಟು ಸೋರಿದ ಮೇಲೂ ತಲೆ ಚಾವಣಿಗೆ ತಾಗುತ್ತಲೇ ಇರುತ್ತದೆ. ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದಾಗ ಅಭ್ಯಾಸಬಲದಿಂದ ಒಂದೆರಡು ಅಂಕ ಏರುವುದೂ ಉಂಟು. ನಡುವೆ ನನ್ನ ಬಳಿ ಪುಣೆಗೆ ಬಂದಾಗ ಇಲ್ಲಿಯೂ ಒಂದು ಕಡೆ ತೋರಿಸಿದೆವು. ಇಲ್ಲಿ ಬಂದದ್ದು 22. ಪ್ರಶ್ನೆ ಹಿಂದಿಯಲ್ಲಿ. ಇದು ಯಾವ ಜಿಲ್ಲೆ, ಆಸ್ಪತ್ರೆಯ ಎಷ್ಟನೇ ಮಹಡಿ ಎಂದು ಕೇಳಿದರೆ, ಹಿಂದಿನ ದಿನ ರೈಲಿಳಿದ ಮಲೆನಾಡಿನ ಹಿರಿಯರು ಏನು ಹೇಳಿಯಾರು? ಅಪ್ಪ ಅಮ್ಮನನ್ನು ಪುಣೆಗೋ ಚೆನ್ನೈಗೋ ದಿಲ್ಲಿಗೋ ಕರೆಸಿಕೊಂಡು ತೋರಿಸುವ ನಮ್ಮಂಥವರು ಗಮನಿಸಬೇಕಾದ ಸಂಗತಿ ಇದು. 29 ಮತ್ತು 22ರ ನಡುವಿನ ಅಂತರದಲ್ಲಿ ಕಾಯಿಲೆ ಎಷ್ಟು, ಭಾಷೆ ಎಷ್ಟು, ಹೊಸ ಊರು ಎಷ್ಟು ಎಂದು ಬಿಡಿಸಲು ಬರುವುದಿಲ್ಲ. ಎರಡು ಬೇರೆ ಬೇರೆ ತಕ್ಕಡಿಯಲ್ಲಿ ತೂಗಿ ತೂಕ ಇಳಿದಿದೆ ಎಂದ ಹಾಗೆ.

ಮನೆಯಲ್ಲಿ ಎರಡು ಪಕ್ಷವಾಯಿತು. 29 ಬಂದವರಿಗೆ ಏನೂ ಆಗಿಲ್ಲ ಎಂದರು ಮಾವ. 22 ಬಂತಲ್ಲ ಎಂದು ಅಕ್ಕ ಅಳತೊಡಗಿದಳು. ಅಡಿಕೆ ಮಂಡಿಯ ಲೆಕ್ಕ, ಬ್ಯಾಂಕಿನ ಸಹಿ ಇನ್ನೂ ದೊಡ್ಡಪ್ಪನ ಕೈಯಲ್ಲೇ ಇದ್ದವು. ಒಬ್ಬ ದಲಾಲಿಗೆ ಎರಡು ಸಲ ದುಡ್ಡು ಹೋಗಿತ್ತು. ಆಗ ನನಗೆ ಅಗಾಥಾ ನೆನಪಾದಳು. ದೊಡ್ಡಪ್ಪ ನಲವತ್ತು ವರ್ಷದಿಂದ ದಿನಕ್ಕೊಂದು ಪುಟದಂತೆ ಡೈರಿ ಬರೆಯುತ್ತ ಬಂದವರು. ಮಳೆ, ಕೊಳೆರೋಗ, ಯಾರ ಮನೆಯ ಮದುವೆ, ಯಾವ ಹುಡುಗ ಪಾಸಾದ. ದೊಡ್ಡಮ್ಮ ಅಟ್ಟದಿಂದ ಹಳೆಯ ಡೈರಿಗಳನ್ನು ಇಳಿಸಿದರು.

ಕನ್ನಡದಲ್ಲಿ ಪದ ಎಣಿಸುವುದು ಇಂಗ್ಲಿಷಿನಷ್ಟು ಸರಳವಲ್ಲ. ಮನೆ, ಮನೆಗೆ, ಮನೆಯಲ್ಲಿ, ಮನೆಯವರು ಎಲ್ಲವನ್ನೂ ಕಂಪ್ಯೂಟರ್ ಬೇರೆ ಬೇರೆ ಪದವೆಂದೇ ಎಣಿಸುತ್ತದೆ. ಪ್ರತ್ಯಯಗಳನ್ನು ಬಿಡಿಸಿ ಬೇರು ಹಿಡಿಯಬೇಕು. ನಾನು ಕಂಪ್ಯೂಟರಿಗೆ ಹೋಗಲೇ ಇಲ್ಲ. ದೊಡ್ಡಮ್ಮ, ಅಕ್ಕ, ನಾನು ಜಗಲಿಯಲ್ಲಿ ಕೂತು, ಒಂದೇ ಜೂನ್ ತಿಂಗಳನ್ನು ನಾಲ್ಕು ಬೇರೆ ಬೇರೆ ವರ್ಷದ ಡೈರಿಗಳಲ್ಲಿ ತೆಗೆದು, ಅದರಲ್ಲಿ ಬಂದ ಊರು, ಮರ, ಜನರ ಹೆಸರುಗಳನ್ನು ಪೆನ್ಸಿಲ್ಲಿನಲ್ಲಿ ಗುರುತು ಮಾಡಿದೆವು. ಹಳೆಯ ಮೂರು ವರ್ಷದ ಪುಟಗಳು ಗುರುತಿನಿಂದ ತುಂಬಿಹೋದವು. ಕೊನೆಯ ವರ್ಷದ ಪುಟಗಳಲ್ಲಿ ಮಳೆ ಇತ್ತು, ಬಂದವರು ಇದ್ದರು, ಹೆಸರುಗಳು ಇರಲಿಲ್ಲ. ದೊಡ್ಡಮ್ಮ ಪೆನ್ಸಿಲ್ ಕೆಳಗಿಟ್ಟು ಒಳಗೆ ಹೋದರು.

ಇದು ರೋಗನಿರ್ಣಯವಲ್ಲ. ಮನಸ್ಸಿನ ಖಿನ್ನತೆ, ಥೈರಾಯ್ಡ್, ಬಿ12 ವಿಟಮಿನ್ ಕೊರತೆ, ಕಿವಿ ಮಂದವಾಗುವುದು ಇವೂ ಇಂಥದೇ ಲಕ್ಷಣ ತೋರಿಸಬಹುದು, ಇವಕ್ಕೆಲ್ಲ ಚಿಕಿತ್ಸೆ ಇದೆ. ಡೈರಿಗಳನ್ನು ನೋಡಿದ ನರರೋಗ ತಜ್ಞರು ಅವನ್ನು ತಳ್ಳಿಹಾಕದೆ, ರಕ್ತಪರೀಕ್ಷೆ, ಸ್ಕ್ಯಾನ್, ಕನ್ನಡದಲ್ಲೇ ಎರಡು ತಾಸಿನ ವಿವರವಾದ ಪರೀಕ್ಷೆ ಎಲ್ಲ ಮಾಡಿಸಿದರು. ದೊಡ್ಡಪ್ಪನದು ಅಲ್ಝೈಮರ್ಸ್‌ನ ಆರಂಭದ ಹಂತ ಎಂದು ತೀರ್ಮಾನವಾಯಿತು. ಈಗ ಮಂಡಿ ಲೆಕ್ಕ ಅಕ್ಕ ನೋಡುತ್ತಾಳೆ. ಡೈರಿ ಮಾತ್ರ ದೊಡ್ಡಪ್ಪ ಇವತ್ತಿಗೂ ಬರೆಯುತ್ತಾರೆ.

ನಮ್ಮ ನಾಡಿನಲ್ಲೂ ಈ ಬಗೆಯ ಕೆಲಸ ನಡೆದಿದೆ ಎಂಬುದನ್ನು ಹೇಳಲೇಬೇಕು. ಹರಿಯಾಣದ ಬಲ್ಲಭಗಡದಲ್ಲಿ 1990ರ ದಶಕದಲ್ಲಿ ಓದು ಬರಹ ಬಾರದ ಹಿರಿಯರಿಗೂ ಹೊಂದುವಂತೆ ಆ 30 ಅಂಕದ ಪರೀಕ್ಷೆಯನ್ನು ಹಿಂದಿಗೆ ಮಾರ್ಪಡಿಸಿದರು. ಐಸಿಎಂಆರ್ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳ ಗುಚ್ಛವನ್ನು ರೂಪಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಳ ಕಾಲ ಮತ್ತೆ ಮತ್ತೆ ಪರೀಕ್ಷಿಸುತ್ತ ಬಂದಿದೆ. ಕಾಯಿಲೆ ಬಂದ ಮೇಲೆ ಅಳೆಯುವುದಲ್ಲ, ಚೆನ್ನಾಗಿದ್ದಾಗಿನಿಂದಲೇ ಅಳೆಯುವುದು. ಹೀಗಾದರೆ ಪ್ರತಿಯೊಬ್ಬರನ್ನೂ ಅವರ ಹಿಂದಿನ ತಮ್ಮ ಜೊತೆಗೇ ಹೋಲಿಸಬಹುದು.

ಅಗಾಥಾ 1971ರಲ್ಲಿ ಡೇಮ್ ಪದವಿ ಪಡೆದಳು. ಅದೇ ವರ್ಷ ಬಿದ್ದು ಕಾಲು ಮುರಿದುಕೊಂಡಳು. 1974ರ ನವೆಂಬರಿನಲ್ಲಿ ‘ಮರ್ಡರ್ ಆನ್ ದಿ ಓರಿಯೆಂಟ್ ಎಕ್ಸ್‌ಪ್ರೆಸ್’ ಚಿತ್ರದ ಮೊದಲ ಪ್ರದರ್ಶನಕ್ಕೆ ಗಾಲಿಕುರ್ಚಿಯಲ್ಲಿ ಬಂದಿದ್ದಳು. ಅದಾದ ಮೇಲೆ ಹೆಚ್ಚು ಹೊರಗೆ ಕಾಣಿಸಿಕೊಳ್ಳಲಿಲ್ಲ. 1976ರ ಜನವರಿ 12ರಂದು ಆಕ್ಸ್‌ಫರ್ಡ್ ಹತ್ತಿರದ ವಾಲಿಂಗ್‌ಫರ್ಡ್ ಮನೆಯಲ್ಲಿ 85ನೇ ವಯಸ್ಸಿನಲ್ಲಿ ತೀರಿಕೊಂಡಳು. ಪಕ್ಕದ ಚೋಲ್ಸಿ ಎಂಬ ಊರಿನ ಇಗರ್ಜಿಯ ಅಂಗಳದಲ್ಲಿ ಸಮಾಧಿ ಇದೆ. ಎರಡು ವರ್ಷದ ನಂತರ ಮ್ಯಾಲೊವನ್‌ನನ್ನೂ ಅಲ್ಲೇ ಮಣ್ಣು ಮಾಡಿದರು.

ಆಕೆ ಸತ್ತ ವರ್ಷದ ಕೊನೆಗೆ ಇನ್ನೊಂದು ಕಾದಂಬರಿ ಬಂತು, ‘ಸ್ಲೀಪಿಂಗ್ ಮರ್ಡರ್’. ಅದೂ ‘ಕರ್ಟನ್’ ಥರವೇ 1940ರ ದಶಕದಲ್ಲಿ ಬರೆದು ಎತ್ತಿಟ್ಟದ್ದು. ಹೊಸದಾಗಿ ಕೊಂಡ ಮನೆಯಲ್ಲಿ ಎಲ್ಲಿ ಬಾಗಿಲಿರಬೇಕು, ಮುಚ್ಚಿದ ಬೀರುವಿನೊಳಗೆ ಯಾವ ಬಣ್ಣದ ಗೋಡೆಕಾಗದ ಇರಬೇಕು ಎಂದು ಒಬ್ಬ ಹುಡುಗಿಗೆ ಮೊದಲೇ ತಿಳಿಯತೊಡಗುತ್ತದೆ. ತೀರಾ ಮಗುವಾಗಿದ್ದಾಗ ಅದೇ ಮನೆಯಲ್ಲಿ ಇದ್ದ ನೆನಪು ಅವಳಿಗೆ ಒಂದೊಂದಾಗಿ ಮರಳುತ್ತದೆ. ನನ್ನ ಶೀಟಿನಲ್ಲಿ ಅದು ಎಡಗಡೆ, ಆಕೆಯ ಐವತ್ತರ ಆಸುಪಾಸಿನ ಪುಸ್ತಕಗಳ ಪಕ್ಕ ಇದೆ.